ಶಾರ್ಡನೇ, ಸಿರಾ, ಗಮೇ: ಗ್ಲಾಸಿನಲ್ಲಿ ಸಿಗುವ ಪರಿಮಳ ಹಣ್ಣಿನದೋ, ಊರಿನದೋ, ಪೀಪಾಯಿಯದೋ?

ನೇರಳೆಮರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ವೈನ್ ರುಚಿ ನೋಡಿ ಅದನ್ನು ನಾಲ್ಕು ಸಾಲಿನಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಶುರುವಿನಲ್ಲಿಯೇ ಒಂದು ತೊಡಕು ಎದುರಾಗಿದೆ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಎರಡು ಬಿಳಿ ವೈನ್‌ಗಳನ್ನು, ಅಂದರೆ ಒಂದು ಶಾಬ್ಲಿ ಮತ್ತು ಒಂದು ಮರ್ಸೋ, ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡೂ ಶಾರ್ಡನೇ ದ್ರಾಕ್ಷಿಯವೇ. ಬೇರೆ ತಳಿಯ ಬೆರಕೆ ಇಲ್ಲ. ಆದರೂ ಮೊದಲನೆಯದು ನಿಂಬೆ ಸಿಪ್ಪೆ ಮತ್ತು ಹಸಿರು ಸೇಬಿನ ವಾಸನೆಯೊಂದಿಗೆ ತೆಳ್ಳಗೆ, ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿತ್ತು. ಎರಡನೆಯದರಲ್ಲಿ ಬೆಣ್ಣೆ ಮತ್ತು ಹುರಿದ ಗೋಡಂಬಿಯ ವಾಸನೆ ಮುಂದೆ ಬಂದು, ಹಣ್ಣು ಎಲ್ಲೋ ಹಿಂದೆ ಉಳಿಯಿತು. ಹಾಗಾದರೆ ಶಾರ್ಡನೇಯ ರುಚಿ ಎಂದು ನಾನು ಬರೆಯಬೇಕಾದದ್ದು ಯಾವುದನ್ನು? ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಹತ್ತಾರು ಹಣ್ಣು ಹೂಗಳ ಹೆಸರನ್ನು ಪೋಣಿಸಿದ್ದಾರೆ. ಅವುಗಳಿಂದ ಈ ವ್ಯತ್ಯಾಸದ ಕಾರಣ ತಿಳಿಯುವುದಿಲ್ಲ.

ಲಿಯೋಂ_ಕನ್ನಡಿಗ

ನೀವು ಬರೆದುಕೊಂಡದ್ದರಲ್ಲಿಯೇ ಅರ್ಧ ಉತ್ತರವಿದೆ. ಬೆಣ್ಣೆ ಮತ್ತು ಹುರಿದ ಬೀಜದ ವಾಸನೆ ಶಾರ್ಡನೇ ಹಣ್ಣಿನಲ್ಲಿ ಇರುವುದೇ ಇಲ್ಲ, ಅದು ನೆಲಮಾಳಿಗೆಯಲ್ಲಿ ಸೇರಿಕೊಂಡದ್ದು. ದ್ರಾಕ್ಷಿರಸ ಹುದುಗಿ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಮಾಲಿಕ್ ಆಮ್ಲವನ್ನು, ಅಂದರೆ ಹಸಿರು ಸೇಬಿನ ಚುರುಕು ಹುಳಿಯನ್ನು, ಲ್ಯಾಕ್ಟಿಕ್ ಆಮ್ಲವಾಗಿ, ಅಂದರೆ ಮೊಸರಿನ ಮೆತ್ತನೆಯ ಹುಳಿಯಾಗಿ ಬದಲಿಸುತ್ತವೆ. ಆ ಹೊತ್ತಿನಲ್ಲಿ ಹುಟ್ಟುವ ಡೈಅಸಿಟೈಲ್ ಎಂಬ ವಸ್ತುವೇ ಬೆಣ್ಣೆಯ ವಾಸನೆಗೆ ಕಾರಣ, ಮತ್ತು ನಾವು ಕಡೆದು ತೆಗೆಯುವ ಬೆಣ್ಣೆಯಲ್ಲಿರುವುದೂ ಅದೇ ವಸ್ತು. ಶಾಬ್ಲಿಯಲ್ಲಿಯೂ ಸಾಮಾನ್ಯವಾಗಿ ಈ ಬದಲಾವಣೆ ನಡೆಯುತ್ತದೆ, ಆದರೆ ಅಲ್ಲಿ ಹೆಚ್ಚಿನವರು ಉಕ್ಕಿನ ತೊಟ್ಟಿಗಳನ್ನೋ ಹಳೆಯ ಪೀಪಾಯಿಗಳನ್ನೋ ಬಳಸುವುದರಿಂದ ಬೆಣ್ಣೆಗೆ ಜೊತೆ ಕೊಡುವ ಮರದ ವಾಸನೆ ಇರುವುದಿಲ್ಲ. ಊರು ಬಹಳ ಉತ್ತರಕ್ಕಿದ್ದು ಚಳಿ ಹೆಚ್ಚಾದ್ದರಿಂದ ಹಣ್ಣಿನ ಮೂಲ ಹುಳಿಯೂ ಜಾಸ್ತಿ. ಮರ್ಸೋದಲ್ಲಿ 228 ಲೀಟರಿನ ಓಕ್ ಪೀಪಾಯಿಯಲ್ಲಿ ಹುದುಗಿಸಿ, ಸತ್ತ ಯೀಸ್ಟಿನ ಗಸಿಯ ಮೇಲೆಯೇ ತಿಂಗಳುಗಟ್ಟಲೆ ಬಿಡುತ್ತಾರೆ. ಹುರಿದ ಬೀಜ, ಸುಟ್ಟ ಬ್ರೆಡ್ಡು ಎಂದು ಬರೆಯುವುದೆಲ್ಲ ಅಲ್ಲಿಂದ ಬಂದದ್ದು.

ಶಾರ್ಡನೇ ಸ್ವತಃ ಬಹಳ ಮಾತನಾಡದ ತಳಿ. ಅದು ಪಿನೋ ಮತ್ತು ಗ್ವೇ ಬ್ಲಾಂ ಎಂಬ ಎರಡು ತಳಿಗಳ ಸಂತಾನವೆಂದು 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಪಿನೋ ಮೊದಲಿನಿಂದಲೂ ಬರ್ಗಂಡಿಯ ಗಣ್ಯ ತಳಿ. ಗ್ವೇ ಬ್ಲಾಂ ಮಾತ್ರ ಬಡ ರೈತರ ಹೊಲದ್ದೆಂದು ಎಲ್ಲರೂ ಮೂಗು ಮುರಿದ ದ್ರಾಕ್ಷಿ. ಹೀಗಾಗಿ ಶಾರ್ಡನೇ ರುಚಿ ನೋಡುವಾಗ ಮೊದಲು ಹುಳಿಯ ಮಟ್ಟವನ್ನು, ಆಮೇಲೆ ಹಣ್ಣು ಎಷ್ಟು ಮಾಗಿದೆ ಎಂಬುದನ್ನು (ನಿಂಬೆಯೋ, ಸೇಬೋ, ಅನಾನಸೋ) ಬರೆದುಕೊಂಡು, ಬೆಣ್ಣೆ ಮತ್ತು ವೆನಿಲ್ಲಾವನ್ನು ಬೇರೆ ಸಾಲಿನಲ್ಲಿ ಇಡುವುದು ಒಳ್ಳೆಯದು. ಮೊದಲಿನ ಎರಡು ನಿಮಗೆ ಊರನ್ನು ತೋರಿಸುತ್ತವೆ, ಕೊನೆಯದು ತಯಾರಿಸಿದವರ ಕೈಯನ್ನು ತೋರಿಸುತ್ತದೆ.

ಅನುಮಾನದ_ಗಿರಾಕಿ

ಇದನ್ನೆಲ್ಲ ಓದುವುದಕ್ಕೆ ಚೆನ್ನಾಗಿದೆ, ಆದರೆ 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಪ್ರಯೋಗವನ್ನು ಇಲ್ಲಿ ಯಾರೂ ಪ್ರಸ್ತಾಪಿಸದಿರುವುದು ಆಶ್ಚರ್ಯ. ವೈನ್ ತಯಾರಿಕೆಯನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಒಂದು ಬಿಳಿ ವೈನನ್ನು ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿಯೇ ಬಣ್ಣಿಸಿದರು. ಅದೇ ವೈನು ಬಣ್ಣವಿಲ್ಲದೆ ಎದುರಿಗಿದ್ದಾಗ ಬಿಳಿ ವೈನಿನ ಮಾತುಗಳನ್ನು ಬಳಸಿದ್ದರು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ನಡೆದ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಹೆಸರು ಮುಚ್ಚಿದ ಬಾಟಲಿಗಳಲ್ಲಿ ಕ್ಯಾಲಿಫೋರ್ನಿಯಾದ ಶಾರ್ಡನೇ ಮತ್ತು ಕೆಂಪು ತಳಿಯಾದ ಕ್ಯಾಬರ್ನೆಗಳಿಗೆ ಮೊದಲ ಸ್ಥಾನ ಕೊಟ್ಟರು. ಕಲಿತವರ ಗತಿಯೇ ಇದಾದರೆ, ಮನೆಯಲ್ಲಿ ಕೂತು ಗೋಡಂಬಿ, ಚರ್ಮ, ತಂಬಾಕು ಎಂದು ಬರೆಯುವವರ ಮಾತಿಗೆ ಬೆಲೆ ಎಲ್ಲಿಯದು? ಬೆಲೆಯ ಚೀಟಿ ನೋಡಿ ನಾಲಿಗೆ ಕೆಲಸ ಮಾಡುತ್ತದೆ ಎಂದೇ ನನ್ನ ಅಭಿಪ್ರಾಯ.

ಮೂಗು_ಮತ್ತು_ಅಣು

ನಾನು ಆಹಾರ ರಸಾಯನಶಾಸ್ತ್ರ ಪಾಠ ಮಾಡುವವಳು, ಆದ್ದರಿಂದ ಈ ಪ್ರಯೋಗದ ಬಗ್ಗೆ ಎರಡು ಮಾತು. ಅಲ್ಲಿ ಪರೀಕ್ಷೆಗೆ ಒಳಗಾದದ್ದು ವಾಸನೆಯ ವರ್ಣನೆ. ಮೂಗು ಕಣ್ಣಿನ ಮಾತು ಕೇಳುತ್ತದೆ ಎಂಬುದು ಅದರಿಂದ ನಿಸ್ಸಂದೇಹವಾಗಿ ತಿಳಿಯಿತು. ಆದರೆ ವಾಸನೆಯೇ ಇಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ, ಮತ್ತು ಬಣ್ಣ ಬೆರೆಸಿದ ಮಾತ್ರಕ್ಕೆ ಬಾಯಲ್ಲಿ ಒಗರು ಹುಟ್ಟುವುದೂ ಇಲ್ಲ. ಕೆಂಪು ವೈನಿನ ಒಗರು ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬರುತ್ತದೆ. ಎಳೆ ಅಡಿಕೆ ಅಗಿದಾಗ ಕೆನ್ನೆಯ ಒಳಭಾಗ ಒಣಗಿ ಬಿಗಿದಂತಾಗುವುದಕ್ಕೂ ಕಾರಣ ಅದೇ.

ವೈನಿನ ವರ್ಣನೆಯಲ್ಲಿ ಬರುವ ಕೆಲವು ಹೆಸರುಗಳು ಬರಿಯ ಹೋಲಿಕೆಗಳಲ್ಲ ಎಂಬುದನ್ನು ಗಿರಾಕಿಯವರು ಗಮನಿಸಬೇಕು. ಸಿರಾ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆಂದು ಫ್ರಾನ್ಸಿನ ರೋನ್ ಕಣಿವೆಯವರು ತಲೆಮಾರುಗಳಿಂದ ಹೇಳುತ್ತಿದ್ದರು. ಅದಕ್ಕೆ ಕಾರಣ ರೋಟಂಡೋನ್ ಎಂಬ ವಸ್ತುವೆಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿಕೊಟ್ಟರು, ಮತ್ತು ನಮ್ಮ ಮಲೆನಾಡಿನ ಕಾಳುಮೆಣಸಿನ ಘಾಟಿನ ಪರಿಮಳದಲ್ಲಿ ಇರುವುದೂ ಅದೇ ವಸ್ತು. ಕೆಂಪು ವೈನಿನಲ್ಲಿ ಲೀಟರಿಗೆ ಸುಮಾರು 16 ನ್ಯಾನೋಗ್ರಾಂ ಇದ್ದರೆ ಸಾಕು, ಮೂಗಿಗೆ ತಿಳಿಯುತ್ತದೆ. ಓಕ್ ಪೀಪಾಯಿಯಿಂದ ಇಳಿಯುವ ಯೂಜಿನಾಲ್ ಲವಂಗದ್ದೇ. ವೆನಿಲಿನ್ ವೆನಿಲ್ಲಾ ಕೋಡಿನದ್ದೇ. ಕ್ಯಾಬರ್ನೆ ಸೋವಿನ್ಯೋಂ, ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋಂ ಬ್ಲಾಂ ಈ ಮೂರು ತಳಿಗಳಲ್ಲಿಯೂ ಕಾಣಿಸಿಕೊಳ್ಳುವ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಗೆ ಮೆಥಾಕ್ಸಿಪೈರಜೀನ್‌ಗಳು ಕಾರಣ, ಮತ್ತು ಅವು ದೊಣ್ಣೆಮೆಣಸಿನಕಾಯಿಯಲ್ಲಿಯೂ ಇವೆ. ಮೂರರಲ್ಲಿಯೂ ಬರುವುದು ಆಕಸ್ಮಿಕವಲ್ಲ: ಕ್ಯಾಬರ್ನೆ ಸೋವಿನ್ಯೋಂ ಉಳಿದ ಎರಡರ ಮಗುವೆಂದು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಪತ್ತೆಯಾಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸುಮಾರು ಐದರಲ್ಲಿ ಒಬ್ಬರಿಗೆ ರೋಟಂಡೋನಿನ ವಾಸನೆ ಎಷ್ಟು ಹೆಚ್ಚಿಸಿದರೂ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಜೊತೆಗಾರರು ಮೆಣಸು ಎಂದಾಗ ನಿಮಗೆ ಅದು ಕಾಣಿಸದಿದ್ದರೆ, ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ನಂದಿ_ತಪ್ಪಲು

ನಾನು ದೊಡ್ಡಬಳ್ಳಾಪುರದ ಕಡೆ ಒಂದು ವೈನರಿಯ ನೆಲಮಾಳಿಗೆಯಲ್ಲಿ ಕೆಲಸ ಮಾಡುವವನು. ಮೇಡಂ ಹೇಳಿದ ಹಸಿ ವಾಸನೆಯನ್ನು ನಾವು ಗ್ಲಾಸಿಗಿಂತ ಮೊದಲು ತೋಟದಲ್ಲಿಯೇ ಹುಡುಕುತ್ತೇವೆ. ಜನವರಿ ಕೊನೆಯಿಂದ ಪ್ರತಿ ಬೆಳಿಗ್ಗೆ ಕ್ಯಾಬರ್ನೆ ಸಾಲುಗಳ ಮಧ್ಯೆ ಹೋಗಿ, ಗೊಂಚಲಿನ ಬಿಸಿಲ ಬದಿಯಿಂದ ಕೆಲವು, ನೆರಳ ಬದಿಯಿಂದ ಕೆಲವು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತೇವೆ. ಮೊದಲು ತಿರುಳನ್ನು ನುಂಗಿ ಸಿಹಿ ಮತ್ತು ಹುಳಿ ನೋಡುವುದು, ಆಮೇಲೆ ಸಿಪ್ಪೆಯನ್ನು ಮುಂಬಲ್ಲಿನಲ್ಲಿ ಚೆನ್ನಾಗಿ ಅರೆದು ಒಗರು ಒರಟಾಗಿದೆಯೋ ಮೆತ್ತಗಾಗಿದೆಯೋ ಎಂದು ನೋಡುವುದು, ಕೊನೆಗೆ ಬೀಜವನ್ನು ಅಂಗೈಗೆ ಉಗಿದು ಬಣ್ಣ ನೋಡುವುದು. ಬೀಜ ಹಸಿರಾಗಿದ್ದು ಕಚ್ಚಿದರೆ ಕಹಿಯಾದರೆ ಇನ್ನೂ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ, ಹುರಿದಂತೆ ಕಟುಕ್ಕನೆ ಮುರಿದರೆ ಕೊಯ್ಲಿನ ಮಾತು ಶುರುವಾಗುತ್ತದೆ. ನೆರಳಲ್ಲಿ ಉಳಿದ ಹಣ್ಣಿನಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ ಹೆಚ್ಚು, ಬಿಸಿಲು ಬಿದ್ದಂತೆ ಅದು ಇಳಿಯುತ್ತದೆ.

ನಮ್ಮಲ್ಲಿ ತೊಂದರೆ ಇರುವುದು ಬೇರೆ ಕಡೆ. ಇಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿಸಿ ಒಂದೇ ಬೆಳೆ ತೆಗೆಯುತ್ತೇವೆ, ಮತ್ತು ಹಣ್ಣು ಮಾಗುವುದು ಫೆಬ್ರವರಿ, ಮಾರ್ಚಿನಲ್ಲಿ, ಬಿಸಿಲು ಏರುತ್ತಿರುವಾಗ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಅದಕ್ಕೇ ನಮ್ಮ ಕಡೆಯ ಶಿರಾಜ್ (ಸಿರಾದ ಇನ್ನೊಂದು ಹೆಸರು) ಕುಡಿದಾಗ ಮೆಣಸಿಗಿಂತ ಮಾಗಿದ ನೇರಳೆ ಹಣ್ಣು ಮುಂದೆ ಬರುತ್ತದೆ. ರೋಟಂಡೋನ್ ತಂಪು ಕಡೆಯ ಹಣ್ಣಿನಲ್ಲಿಯೇ ಹೆಚ್ಚು ಉಳಿಯುವುದು. ಇಲ್ಲಿ ಗ್ರೋವರ್ ಕುಟುಂಬದವರು ಫ್ರೆಂಚ್ ತಳಿಗಳನ್ನು ತಂದು ನೆಟ್ಟು, ಬೋರ್ಡೋದ ವೈನ್ ತಜ್ಞ ಮಿಷೆಲ್ ರೊಲಾಂ ಅವರ ಸಲಹೆ ಪಡೆದ ಕಾಲದಿಂದಲೂ, ಯಾವ ತಳಿ ಈ ಬಿಸಿಲನ್ನು ತಾಳುತ್ತದೆ ಎಂಬ ಲೆಕ್ಕಾಚಾರ ನಡೆದೇ ಇದೆ. ನನ್ನನ್ನು ಕೇಳಿದರೆ ಬಿಳಿಯಲ್ಲಿ ಶೆನಿನ್ ಬ್ಲಾಂ, ಏಕೆಂದರೆ ಅದು ಎಷ್ಟು ಮಾಗಿದರೂ ಹುಳಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿನಿಂದ ಶುರು ಮಾಡಿದವರಿಗೆ ಫ್ರೆಂಚ್ ತಳಿಗಳ ವೈನಿನಲ್ಲಿ ದ್ರಾಕ್ಷಿ ವಾಸನೆಯೇ ಇಲ್ಲವಲ್ಲ ಎನ್ನಿಸುವುದು ಸಹಜ. ಅದು ಅಮೆರಿಕ ಮೂಲದ ಲಾಬ್ರುಸ್ಕಾ ಜಾತಿಯ ಬೆರಕೆ ತಳಿ, ಅದರ ಗಾಢ ಪರಿಮಳ ಆ ಜಾತಿಯದೇ. ಇಲ್ಲಿ ಚರ್ಚೆಯಾಗುತ್ತಿರುವ ತಳಿಗಳೆಲ್ಲ ವಿನಿಫೆರಾ ಜಾತಿಯವು.

ನೇರಳೆಮರ

ಎಲ್ಲರಿಗೂ ಧನ್ಯವಾದ. ಒಂದು ಉಪಪ್ರಶ್ನೆ. ನ್ಯೂಜಿಲೆಂಡಿನ ಮಾರ್ಲ್‌ಬರೋದ ಒಂದು ಸೋವಿನ್ಯೋಂ ಬ್ಲಾಂ ನನಗೆ ಸಿಹಿಯಾಗಿ ಕಂಡಿತು, ಆದರೆ ಚೀಟಿಯಲ್ಲಿ ಅದು ಡ್ರೈ (ಅಂದರೆ ಸಿಹಿಯಿಲ್ಲದ್ದು) ಎಂದೇ ಇದೆ. ಸಿಹಿ ಎಂದು ಬರೆಯಲೋ ಬೇಡವೋ?

ಲಿಯೋಂ_ಕನ್ನಡಿಗ

ಮೂಗು ಹಿಡಿದುಕೊಂಡು ಒಂದು ಗುಟುಕು ಬಾಯಲ್ಲಿ ಇಟ್ಟುಕೊಳ್ಳಿ. ನಾಲಿಗೆಗೆ ಸಿಹಿ ಹತ್ತದೆ ಬರಿಯ ಹುಳಿ ಹತ್ತಿದರೆ ವೈನ್ ಡ್ರೈ. ಮೂಗು ಬಿಟ್ಟೊಡನೆ ಸಿಹಿಯೆನಿಸಿದರೆ ಅದು ಹಣ್ಣಿನ ವಾಸನೆ ಮಾಡಿದ ಮೋಸ. ಯೂರೋಪಿನ ನಿಯಮದಂತೆ ಡ್ರೈ ಎನ್ನಿಸಿಕೊಳ್ಳಲು ಲೀಟರಿಗೆ ಸಾಮಾನ್ಯವಾಗಿ 4 ಗ್ರಾಂ ಸಕ್ಕರೆ ಮೀರಬಾರದು. ಹುಳಿ ಹೆಚ್ಚಿದ್ದರೆ ಇನ್ನಷ್ಟಕ್ಕೆ ಅವಕಾಶವಿದೆ. ಸೋವಿನ್ಯೋಂ ಬ್ಲಾಂನಲ್ಲಿ ಪ್ಯಾಶನ್ ಫ್ರೂಟ್ ಮತ್ತು ಸೀಬೆ ಹಣ್ಣಿನಲ್ಲಿರುವ ಗಂಧಕದ ಸಂಯುಕ್ತಗಳೇ ಬಿಡುಗಡೆಯಾಗುವುದರಿಂದ ಮನಸ್ಸು ಸಿಹಿಯನ್ನು ನಿರೀಕ್ಷಿಸುತ್ತದೆ. ಫ್ರಾನ್ಸಿನ ಲ್ವಾರ್ ನದಿಯ ಸಾನ್ಸೇರ್ ಊರಿನದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ತಳಿ ಒಂದೇ, ಆದರೆ ಅಲ್ಲಿ ಸೀಬೆಯ ಬದಲು ಚಕ್ಕೋತದ ಸಿಪ್ಪೆ ಮತ್ತು ಹಸಿ ಹುಲ್ಲು ಮುಂದೆ ಬರುವುದುಂಟು. ನಿಜವಾದ ಸಿಹಿಯನ್ನು ಗುರುತಿಸಿ ಅಭ್ಯಾಸ ಮಾಡಬೇಕೆಂದರೆ ಅದೇ ನದಿಯ ವೂವ್ರೇಗೆ ಹೋಗಬೇಕು. ಅಲ್ಲಿ ಶೆನಿನ್ ಬ್ಲಾಂ ಒಂದರಿಂದಲೇ ಸೆಕ್, ದಮಿ-ಸೆಕ್, ಮ್ವಾಲ್ಯೋ ಎಂದು ಡ್ರೈನಿಂದ ಪೂರ್ತಿ ಸಿಹಿಯವರೆಗೂ ತಯಾರಿಸುತ್ತಾರೆ, ಹುಳಿ ಮಾತ್ರ ಎಲ್ಲದರಲ್ಲಿಯೂ ಚುರುಕಾಗಿ ಉಳಿದಿರುತ್ತದೆ.

ಅನುಮಾನದ_ಗಿರಾಕಿ

ಕಾಳುಮೆಣಸಿನ ವಿಷಯವನ್ನು ಒಪ್ಪುತ್ತೇನೆ. ಆದರೆ ಶಾಬ್ಲಿಯ ವೈನಿನಲ್ಲಿ ಅಲ್ಲಿನ ಸುಣ್ಣದ ಕಲ್ಲಿನ ರುಚಿ ಇದೆ, ಆ ಮಣ್ಣಿನಲ್ಲಿರುವ ಪುರಾತನ ಸಿಂಪಿಚಿಪ್ಪಿನ ರುಚಿ ಇದೆ ಎನ್ನುತ್ತಾರಲ್ಲ, ಅದಕ್ಕೂ ಅಣು ಇದೆಯೋ?

ಮೂಗು_ಮತ್ತು_ಅಣು

ಇಲ್ಲಿ ನಾನು ನಿಮ್ಮ ಪಕ್ಷ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತಲುಪಿಸುವುದಿಲ್ಲ. ಅದು ಹೀರುವ ಖನಿಜಗಳ ಪ್ರಮಾಣ ನಾಲಿಗೆಗೆ ಕಲ್ಲಾಗಿ ಕಾಣುವಷ್ಟು ಇರುವುದೂ ಇಲ್ಲ. ಮಣ್ಣಿನ ಪ್ರಭಾವ ನೀರು ನಿಲ್ಲುವುದು, ಬಸಿಯುವುದು, ನೆಲ ಬೆಚ್ಚಗಾಗುವುದು ಇವುಗಳ ಮೂಲಕ ಹಣ್ಣು ಮಾಗುವ ಬಗೆಯ ಮೇಲೆ ಆಗುತ್ತದೆ. ಬೋರ್ಡೋದ ನದಿಯ ಎರಡು ದಡಗಳೇ ಇದಕ್ಕೆ ಸಾಕ್ಷಿ: ಮೆಡಾಕ್ ಕಡೆಯ ಜಲ್ಲಿ ನೆಲ ನೀರನ್ನು ಬೇಗ ಬಸಿದು ಬೆಚ್ಚಗಿರುವುದರಿಂದ ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋಂಗೆ ಹೊಂದುತ್ತದೆ, ಆಚೆ ದಡದ ಪೊಮೆರೋಲಿನ ತಂಪಾದ ಜೇಡಿಮಣ್ಣಿನಲ್ಲಿ ಬೇಗ ಮಾಗುವ ಮೆರ್ಲೋ ಗೆಲ್ಲುತ್ತದೆ. ಆದ್ದರಿಂದ ಮೊದಲನೆಯದರಲ್ಲಿ ಒಗರು ಬಿಗಿಯಾಗಿ ವಸಡಿಗೆ ಹಿಡಿಯುತ್ತದೆ, ಎರಡನೆಯದರಲ್ಲಿ ಒಗರು ಮೆತ್ತಗಿದ್ದು ಹಣ್ಣು ತುಂಬಿಕೊಂಡಿರುತ್ತದೆ. ಟಿಪ್ಪಣಿಯಲ್ಲಿ ಕಲ್ಲು ಎಂದು ಬರೆಯುವವರು ಹೆಚ್ಚಾಗಿ ಹೇಳಹೊರಟಿರುವುದು ಹುಳಿ ಹೆಚ್ಚು, ಹಣ್ಣು ಕಡಿಮೆ, ಗಂಧಕದ ತೆಳು ವಾಸನೆ ಇದೆ ಎಂಬ ಮೂರು ಸಂಗತಿಗಳನ್ನು. ಆ ಮೂರನ್ನೇ ಬಿಡಿಸಿ ಬರೆದರೆ ಓದುವವರಿಗೆ ಉಪಕಾರವಾಗುತ್ತದೆ.

ಲಿಯೋಂ_ಕನ್ನಡಿಗ

ಕೆಂಪಿನ ವಿಷಯಕ್ಕೆ ಬಂದದ್ದರಿಂದ, ನಮ್ಮೂರಿಗೆ ಹತ್ತಿರದ ಗಮೇ ದ್ರಾಕ್ಷಿಯ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ತಳಿಯನ್ನು ನೀಚವೆಂದು ಜರೆದು ತನ್ನ ನೆಲದಿಂದ ಕಿತ್ತುಹಾಕಲು ಆಜ್ಞೆ ಹೊರಡಿಸಿದ, ಪಿನೋ ನ್ವಾರ್ ಒಂದೇ ಇರಲೆಂದು. ಗಮೇ ದಕ್ಷಿಣಕ್ಕೆ ಸರಿದು ಬೋಜೊಲೇ ಗುಡ್ಡಗಳ ಗ್ರಾನೈಟ್ ನೆಲದಲ್ಲಿ ನೆಲೆ ಕಂಡಿತು. ನವೆಂಬರ್ ತಿಂಗಳ ಮೂರನೆಯ ಗುರುವಾರ ಬಿಡುಗಡೆಯಾಗುವ ಬೋಜೊಲೇ ನೂವೋ ಕುಡಿದವರೆಲ್ಲ ಬಾಳೆಹಣ್ಣಿನ ವಾಸನೆಯನ್ನು ಗಮೇಯ ಗುಣವೆಂದು ತಿಳಿಯುತ್ತಾರೆ. ಅದು ಗಮೇಯದ್ದಲ್ಲ. ಗೊಂಚಲುಗಳನ್ನು ಒಡೆಯದೆ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಮುಚ್ಚಿಟ್ಟು ಹಣ್ಣಿನೊಳಗೇ ಹುದುಗು ಶುರುವಾಗುವಂತೆ ಮಾಡುವ ವಿಧಾನದಿಂದಲೂ, ಆಯ್ದ ಯೀಸ್ಟಿನಿಂದಲೂ ಹುಟ್ಟುವ ಎಸ್ಟರ್ ಎಂಬ ಪರಿಮಳದ ವಸ್ತು ಅದು. ಅದೇ ಬೋಜೊಲೇಯ ಮೊರ್ಗೋಂ ಹಳ್ಳಿಯ ವೈನನ್ನು ಎರಡು ಮೂರು ವರ್ಷ ಇಟ್ಟು ತೆರೆದರೆ ಬಾಳೆಹಣ್ಣು ಎಲ್ಲಿಯೂ ಸಿಗುವುದಿಲ್ಲ.

ಈಚೆಗೆ ನೋಡಿದ ಒಂದು ಮೊರ್ಗೋಂ ಬಗ್ಗೆ ನಾನು ಬರೆದುಕೊಂಡದ್ದನ್ನು ಮಾದರಿಗಾಗಿ ಇಲ್ಲಿ ಇಡುತ್ತೇನೆ:

«ಬಣ್ಣ ಮಾಣಿಕ್ಯದ ಕೆಂಪು, ಗ್ಲಾಸಿನ ಹಿಂದೆ ಹಿಡಿದ ಕಾಗದದ ಅಕ್ಷರ ಓದುವಷ್ಟು ತೆಳು; ಅಂಚಿನಲ್ಲಿ ಇಟ್ಟಿಗೆ ಬಣ್ಣ ಇನ್ನೂ ಬಂದಿಲ್ಲ. ಅಲುಗಿಸುವ ಮೊದಲು ವಾಸನೆ ಕಡಿಮೆ, ಅಲುಗಿಸಿದ ಮೇಲೆ ಹುಳಿ ಚೆರ್ರಿ, ಸ್ವಲ್ಪ ಹಸಿ ಕಡ್ಡಿ. ಹುಳಿ ಚುರುಕು, ಒಗರು ನಾಲಿಗೆಯ ಬದಿಯಲ್ಲಿ ಮಾತ್ರ, ಗಂಟಲಿನಲ್ಲಿ ಉರಿ ಇಲ್ಲ. ಹಣ್ಣು ಮತ್ತು ಹುಳಿ ತಳಿಯದು. ಕಡ್ಡಿಯ ವಾಸನೆ ಗೊಂಚಲಿನ ತೊಟ್ಟನ್ನು ಬಿಡಿಸದೆ ಹುದುಗಿಸಿದ್ದರಿಂದ ಇರಬಹುದು. ವೆನಿಲ್ಲಾ, ಲವಂಗ ಇಲ್ಲ, ಆದ್ದರಿಂದ ಹೊಸ ಪೀಪಾಯಿ ಬಳಸಿರಲಾರರು. ನುಂಗಿದ ಮೇಲೆ ಹುಳಿ ಉಳಿಯುತ್ತದೆ, ಹಣ್ಣು ಬೇಗ ಹೋಗುತ್ತದೆ.»

ಇದರಲ್ಲಿ ಹಣ್ಣಿನ ಹೆಸರು ಒಂದೇ ಒಂದು ಇರುವುದನ್ನು ಗಮನಿಸಿ. ಎರಡನೆಯ ಹಣ್ಣನ್ನು ಹುಡುಕುವ ಹೊತ್ತಿನಲ್ಲಿ ಹುಳಿ, ಒಗರು, ಆಲ್ಕೋಹಾಲಿನ ಉರಿ ಇವುಗಳ ಅಳತೆಯನ್ನು ಸರಿಯಾಗಿ ಬರೆದರೆ, ಆರು ತಿಂಗಳ ನಂತರ ಓದುವಾಗಲೂ ವೈನ್ ನೆನಪಿಗೆ ಬರುತ್ತದೆ.

ನಂದಿ_ತಪ್ಪಲು

ಒಳ್ಳೆಯ ಟಿಪ್ಪಣಿ. ಆದರೆ ನಮ್ಮ ಊರಿನವರು ಇಷ್ಟು ವಿವರಕ್ಕೆ ಹೋಗುವ ಮೊದಲು ವೈನ್ ಸರಿಯಾಗಿದೆಯೇ ಎಂದು ನೋಡಬೇಕು. ಒದ್ದೆ ರಟ್ಟು ಅಥವಾ ನೆನೆದ ಗೋಣಿಚೀಲದ ವಾಸನೆ ಬಂದು ಹಣ್ಣು ಸತ್ತಂತಿದ್ದರೆ ಅದು ಕಾರ್ಕಿನ ದೋಷ, ಊರಿನ ಗುಣವಲ್ಲ. ಕೊಟ್ಟಿಗೆಯ ವಾಸನೆ ಬಂದರೆ ಬ್ರೆಟಾನೊಮೈಸೀಸ್ ಎಂಬ ಯೀಸ್ಟು. ಸ್ವಲ್ಪ ಇದ್ದರೆ ರೋನ್ ಕಡೆಯವರು ಇಷ್ಟಪಡುವುದೂ ಉಂಟು, ನನಗಂತೂ ಆಗದು. ಬಿಸಿಲಿಗೆ ಬಿದ್ದ ಗೋದಾಮಿನಲ್ಲಿ ಇದ್ದ ಬಾಟಲಿಯಾದರೆ ಕಾರ್ಕು ಮೇಲೆದ್ದಿರುತ್ತದೆ, ಒಳಗೆ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ.

ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕೆಂಬ ಮಾತು ಚಳಿ ದೇಶದ ಕೋಣೆಗಳಿಗೆ ಸರಿ. ಏಪ್ರಿಲಿನ ಬೆಂಗಳೂರಿನಲ್ಲಿ 30 ಡಿಗ್ರಿ ಇರುವ ಕೋಣೆಯಲ್ಲಿ ಆಲ್ಕೋಹಾಲು ಮೂಗಿಗೆ ಹೊಡೆದು ಉಳಿದದ್ದೆಲ್ಲ ಮರೆಯಾಗುತ್ತದೆ. ಕೆಂಪನ್ನು ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತನ್ನಿ. ಬಿಳಿಯನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು 10 ಡಿಗ್ರಿಯ ಆಸುಪಾಸಿಗೆ ತನ್ನಿ; ಅತಿ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಮತ್ತೆ, ನೋಡುವುದು ನಾಲ್ಕಾರು ಬಾಟಲಿಯಾದರೆ ಉಗಿಯುವುದಕ್ಕೆ ಒಂದು ಪಾತ್ರೆ ಇಟ್ಟುಕೊಳ್ಳಿ, ನಾವೆಲ್ಲ ಕೆಲಸದಲ್ಲಿ ಉಗಿಯುವವರೇ.

ಅನುಮಾನದ_ಗಿರಾಕಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪಂದ್ಯ ಆಗಲೇಬೇಕು. ಉತ್ತರ ರೋನಿನ ಸಿರಾ ಮತ್ತು ನಮ್ಮ ಕಡೆಯ ಶಿರಾಜ್ ಎರಡನ್ನೂ ನಾನೇ ತರುತ್ತೇನೆ. ಹೆಸರು ಕಾಣಿಸದಂತೆ ಕೊಟ್ಟರೆ ಬೇರೆಬೇರೆ ಎಂದು ಗುರುತಿಸುತ್ತೀರೋ? ಅದೃಷ್ಟದಿಂದ ಸರಿಯಾಯಿತು ಎಂದು ಆಮೇಲೆ ನಾನು ಹೇಳದಂತೆ ಪರೀಕ್ಷೆಯ ನಿಯಮವನ್ನು ನೀವೇ ಮಾಡಿ.

ಮೂಗು_ಮತ್ತು_ಅಣು

ತ್ರಿಕೋನ ಪರೀಕ್ಷೆ ಮಾಡೋಣ. ಪ್ರತಿಯೊಬ್ಬರ ಮುಂದೆ ಮೂರು ಗ್ಲಾಸು, ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಇನ್ನೊಂದು. ಬೇರೆ ಯಾವುದು ಎಂದು ಮಾತ್ರ ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸುತ್ತು ಸಾಲದು. ಆರು ಸುತ್ತಿನಲ್ಲಿ ಐದಾದರೂ ಸರಿಯಾದರೆ ಊಹೆಯೆಂದು ತಳ್ಳಿಹಾಕುವುದು ಕಷ್ಟ. ಗ್ಲಾಸುಗಳು ಕಪ್ಪು ಬಣ್ಣದವಾಗಿರಲಿ, ಎರಡೂ ವೈನ್ 17 ಡಿಗ್ರಿಯಲ್ಲಿರಲಿ, ಸುರಿಯುವವರು ಕೋಣೆಯಲ್ಲಿ ನಿಲ್ಲದೆ ಹೊರಗಿರಲಿ. ಬೇರೆ ಯಾವುದೆಂದು ಗುರುತಿಸಿದವರು ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ. ಮೆಣಸಿನ ವಾಸನೆ ಯಾರಿಗೆ ತಿಳಿಯುವುದಿಲ್ಲ ಎಂದು ಆಗಲೇ ಗೊತ್ತಾಗುತ್ತದೆ, ಅವರು ಹುಳಿಯನ್ನು ನೋಡಿ ಗುರುತಿಸಲು ಪ್ರಯತ್ನಿಸಬಹುದು.

ನೇರಳೆಮರ

ಸ್ಥಳ ನನ್ನ ಮನೆಯೇ ಆಗಲಿ. ಕಪ್ಪು ಗ್ಲಾಸುಗಳು ನನ್ನಲ್ಲಿಲ್ಲ. ಗಾಜಿನ ಗ್ಲಾಸಿಗೆ ಹೊರಗಿನಿಂದ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದರೆ ಸಾಕಾಗುತ್ತದೆಯೇ, ಅಥವಾ ಟೇಪಿನ ಅಂಟಿನ ವಾಸನೆ ಅಡ್ಡ ಬರುತ್ತದೆಯೇ?

ಮೂಗು_ಮತ್ತು_ಅಣು

ಅಡ್ಡ ಬರುತ್ತದೆ. ಟೇಪ್ ಬೇಡ; ಕೋಣೆಯ ದೀಪ ಆರಿಸಿ ಒಂದು ಕೆಂಪು ಬಲ್ಬು ಹಾಕಿ, ಆ ಬೆಳಕಿನಲ್ಲಿ ಎರಡು ಕೆಂಪು ವೈನ್‌ಗಳ ಬಣ್ಣದ ವ್ಯತ್ಯಾಸ ಯಾರಿಗೂ ಕಾಣಿಸುವುದಿಲ್ಲ.